ಪ್ರತಿ ಮಂಗಳವಾರ ದಕ್ಷಿಣೇಶ್ವರ

ನನ್ನ ಕುತ್ತಿಗೆಯಲ್ಲಿ ಗಂಟಿರುವುದು ಪತ್ತೆಯಾದದ್ದು ಫುಚ್ಕಾ ತಿನ್ನುವಾಗ. ಕೋಲ್ಕತ್ತದ ಬಾಲಿಗಂಜ್‌ನಲ್ಲಿ ನಾವು ಬಾಡಿಗೆಗಿರುವ ಮನೆಯ ತಿರುವಿನಲ್ಲಿ ಸಂಜೆಯಾದರೆ ಒಬ್ಬ ಫುಚ್ಕಾ ಮಾರುವವನು ಬುಟ್ಟಿ ಇಟ್ಟುಕೊಂಡು ನಿಲ್ಲುತ್ತಾನೆ. ಫುಚ್ಕಾ ಎಂದರೆ ನಮ್ಮ ಪಾನಿಪುರಿಯೇ. ಹಾಗೆಂದು ಬಂಗಾಳಿಗಳ ಎದುರು ಮಾತ್ರ ಹೇಳಬಾರದು, ಮುನಿಸಿಕೊಳ್ಳುತ್ತಾರೆ. ನಾನು ಆರನೆಯದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ನುಂಗುತ್ತಿದ್ದೆ. ಕಣ್ಣು ತೆರೆದಾಗ ನನ್ನ ಗಂಡ ತನ್ನ ದೊನ್ನೆಯನ್ನು ಮರೆತು ನನ್ನ ಕತ್ತನ್ನೇ ನೋಡುತ್ತಿದ್ದ. ಮದುವೆಯಾಗಿ ನಾಲ್ಕು ವರ್ಷವಾದ ಮೇಲೂ ಹೀಗೆ ನೋಡುತ್ತಾನಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು.

“ಇನ್ನೊಂದು ನುಂಗು,” ಎಂದ.

“ಯಾಕ?”

“ನುಂಗೇ, ಸುಮ್ನೆ.”

ನುಂಗಿದೆ. ಅವನು ಬಗ್ಗಿ, ಕತ್ತಿನ ಹತ್ತಿರಕ್ಕೆ ಮುಖ ತಂದು ನೋಡಿದ. ಮತ್ತೊಂದು ನುಂಗಿಸಿದ. ಹೀಗೆ ಹನ್ನೊಂದಾಯಿತು. ಮಾರುವವನಿಗೆ ಇದು ಗಂಡಹೆಂಡಿರ ಯಾವುದೋ ಪಂದ್ಯ ಎನಿಸಿರಬೇಕು, ಹುಣಸೆ ನೀರನ್ನು ಧಾರಾಳವಾಗಿ ತುಂಬಿ ತುಂಬಿ ಕೊಟ್ಟ. ಹನ್ನೊಂದನೆಯದು ಇಳಿದ ಮೇಲೆ ಗಂಡ ಹೇಳಿದ: “ನಿನ್ನ ಕತ್ತಲ್ಲಿ ಏನೋ ಒಂದು ಲಿಫ್ಟ್ ಥರ ಮೇಲೆ ಹೋಗಿ ಕೆಳಗೆ ಬರ್ತಾ ಇದೆ ಕಣೆ.”

ಅವನು ಮೈಸೂರಿನವನು, ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಎಂಜಿನಿಯರ್. ನಾನು ಧಾರವಾಡದವಳು, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಾಚಿಯ ಮೇಲೆ ಸಂಶೋಧನೆ ಮಾಡುತ್ತೇನೆ. ನಮ್ಮ ಅತ್ತೆ ನೆಂಟರಿಗೆಲ್ಲ “ಬಚ್ಚಲುಮನೇಲಿ ಜಾರುತ್ತಲ್ಲ, ನಮ್ಮ ಸೊಸೆ ಅದರಲ್ಲೇ ಡಾಕ್ಟರೇಟ್ ಮಾಡಿರೋದು” ಎಂದು ಹೆಮ್ಮೆಯಿಂದ ಹೇಳುತ್ತಾರೆ. ಮನೆಯೊಳಗೆ ನಮ್ಮದು ಎರಡು ಊರಿನ ಕನ್ನಡ, ಹೊರಗೆ ಹಿಂದಿ, ಜಗಳ ಜೋರಾದರೆ ಇಂಗ್ಲಿಷ್. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವನಿಗೆ ಅದೇ ಜಾಗದಲ್ಲಿ ನಗು ಇರುತ್ತದೆ.

ಗಂಟು ಥೈರಾಯ್ಡ್ ಗ್ರಂಥಿಯದು ಎಂದು ಸ್ಕ್ಯಾನಿನಲ್ಲಿ ಗೊತ್ತಾಯಿತು. ಸಾಲ್ಟ್ ಲೇಕಿನ ಆಚೆಗಿರುವ ಒಂದು ಆಸ್ಪತ್ರೆಯಲ್ಲಿ ಇದರ ಶಸ್ತ್ರಚಿಕಿತ್ಸೆ ಮಾಡುವ ಒಬ್ಬ ಡಾಕ್ಟರಮ್ಮ ಇದ್ದಾರೆ, ನರೆಗೂದಲಿನ ಬಂಗಾಳಿ ಹೆಂಗಸು. ಹೊರರೋಗಿಗಳನ್ನು ಅವರು ನೋಡುವುದು ಮಂಗಳವಾರ ಮಾತ್ರ. ಅವರು ಸೂಜಿ ಚುಚ್ಚಿಸಿ, ಗಂಟಿನಿಂದ ಒಂದಿಷ್ಟು ಜೀವಕೋಶ ತೆಗೆಸಿ, ಪರೀಕ್ಷೆಗೆ ಕಳಿಸಿದರು. ಬಂದ ವರದಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಕ್ಯಾನ್ಸರ್ ಎನ್ನಲಾಗುವುದಿಲ್ಲ, ಅಲ್ಲ ಎನ್ನಲೂ ಆಗುವುದಿಲ್ಲ. ಆರೇಳು ವಾರ ಬಿಟ್ಟು ಮತ್ತೆ ಚುಚ್ಚಿ ನೋಡೋಣ, ಅಲ್ಲಿಯವರೆಗೆ ಮಂಗಳವಾರ ಮಂಗಳವಾರ ಬಂದು ಉಳಿದ ಪರೀಕ್ಷೆಗಳನ್ನು ಮಾಡಿಸಿಕೊಳ್ಳಿ ಎಂದರು ಡಾಕ್ಟರಮ್ಮ.

ನನಗೆ ಉರಿದುಹೋಯಿತು. ನಿಜ ಹೇಳಬೇಕೆಂದರೆ ಉರಿದುಕೊಳ್ಳುವ ಹಕ್ಕು ನನಗಿರಲಿಲ್ಲ. ದಿನವಿಡೀ ಸ್ಲೈಡುಗಳನ್ನು ನೋಡುವುದೇ ನನ್ನ ಕೆಲಸ. ಯಾವುದೋ ಕೆರೆಯಿಂದ ತಂದ ಪಾಚಿ ಯಾವ ಜಾತಿಯದೆಂದು ತಿಳಿಯದಿದ್ದಾಗ ನಾನೂ ಡಬ್ಬಿಯ ಮೇಲೆ ‘ಜಾತಿ ಖಚಿತವಿಲ್ಲ’ ಎಂದು ಬರೆದು, ಕೈ ತೊಳೆದು, ಚಹಾ ಕುಡಿಯಲು ಹೋಗುತ್ತೇನೆ. ಯಾವ ಪಾಚಿಯೂ ಈವರೆಗೆ ತಕರಾರು ಮಾಡಿಲ್ಲ.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಗಂಡ ಹೇಳಿದ: “ಕೆಂಪೂ ಇಲ್ಲ, ಹಸಿರೂ ಇಲ್ಲ. ಹಳದಿ.”

“ಹಳದಿ ಅಂದ್ರ ಏನ್ ಮಾಡಬೇಕು?”

“ಗಾಡಿ ನಿಲ್ಲಿಸಂಗಿಲ್ಲ. ಮುಂದಿನ ಸಿಗ್ನಲ್ ಕೆಂಪಿದ್ರೂ ಇರಬಹುದು ಅಂತ ಹುಷಾರಾಗಿ ಹೋಗ್ತಾ ಇರಬೇಕು.”

“ಮತ್ತ ಮುಂದಿಂದೂ ಹಳದಿ ಇದ್ರ?”

“ಮುಂದಿಂದೂ ಹಳದಿ ಇದ್ರೆ ನಮ್ಮ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡ್ತಾರೆ, ರಿಪೇರಿಗೆ.”

ಬಸ್ಸಿನಲ್ಲಿ ಕೂತು ನಾವಿಬ್ಬರೂ ನಕ್ಕೆವು. ಎದುರಿಗಿದ್ದವರು ಹೊಸದಾಗಿ ಮದುವೆಯಾದವರು ಎಂದುಕೊಂಡಿರಬೇಕು. ಹೆದರಿಕೆ ಒಂದು ಮಟ್ಟ ದಾಟಿದರೆ ನಗು ಬರುತ್ತದೆ ಎಂದು ನನಗೆ ಆವರೆಗೆ ತಿಳಿದಿರಲಿಲ್ಲ. ಆ ಮೂರು ತಿಂಗಳು ನಾವು ನಕ್ಕಷ್ಟು ಮದುವೆಯ ಹೊಸತರಲ್ಲೂ ನಕ್ಕಿಲ್ಲ. ಮೈಕ್ರೋಸ್ಕೋಪಿನ ಮುಂದೆ ಕೂತಾಗ ಮಾತ್ರ ನಗು ಬರುತ್ತಿರಲಿಲ್ಲ. ಗಾಜಿನ ಮೇಲಿನ ಹಸಿರು ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುವುದನ್ನು ನೋಡುವಾಗ ನನ್ನ ಕೈ ತಾನಾಗಿ ಕತ್ತಿಗೆ ಹೋಗುತ್ತಿತ್ತು. ನನಗೆ ಮೂವತ್ತೊಂದು ವರ್ಷ. ಸಾಯಲು ನನಗೆ ಸ್ವಲ್ಪವೂ ಇಷ್ಟವಿರಲಿಲ್ಲ.

ಇಲ್ಲಿ ಒಂದು ಪದ್ಧತಿಯಿದೆ. ಪ್ರತಿಯೊಬ್ಬ ಬಂಗಾಳಿಗೂ ಎರಡು ಹೆಸರು, ಶಾಲೆಯಲ್ಲಿ ಬರೆಸುವುದೊಂದು, ಮನೆಯಲ್ಲಿ ಕರೆಯುವುದೊಂದು. ವರದಿಯಲ್ಲಿ ಗಂಟಿಗೆ ಉದ್ದನೆಯ ಹೆಸರಿತ್ತು, ಮನೆಯ ಹೆಸರಿರಲಿಲ್ಲ. ಕೆಳಗಿನ ಮನೆಯಲ್ಲಿರುವ, ನಾವು ಮಾಶಿಮಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಮಾಲೀಕರು ಅವತ್ತು ಪೊಟೋಲ್ ಎಂಬ ತರಕಾರಿಯ ಪಲ್ಯ ಕೊಟ್ಟಿದ್ದರು. ತೊಂಡೆಕಾಯಿಯ ದೊಡ್ಡಣ್ಣನ ಹಾಗಿರುತ್ತದೆ. ಸರಿ, ಗಂಟಿಗೆ ಪೊಟೋಲ್ ಎಂದೇ ಹೆಸರಿಟ್ಟೆವು. ‘ಪೊಟೋಲ್ ಎದ್ದಿದೆಯಾ?’ ‘ಪೊಟೋಲ್‌ಗೆ ಮಫ್ಲರ್ ಸುತ್ತು, ಥಂಡಿಯಾದೀತು’ ಎಂದೆಲ್ಲ ಅವನ ಚೇಷ್ಟೆ. ಮುಂದಿನ ಮಂಗಳವಾರ ಅವನು ಡಾಕ್ಟರಮ್ಮನನ್ನು ಮೆಚ್ಚಿಸಲೆಂದು ಬಂಗಾಳಿಯಲ್ಲೇ ಕೇಳಿದ, ಪೊಟೋಲನ್ನು ಯಾವಾಗ ಕೀಳುತ್ತೀರಿ ಎಂದು. ಅವರ ಪೆನ್ನು ನಿಂತಿತು. ಪಕ್ಕದ ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು. ಬಂಗಾಳಿಯಲ್ಲಿ ಪೊಟೋಲ್ ಕೀಳುವುದು ಎಂದರೆ ಗೊಟಕ್ ಎನ್ನುವುದಂತೆ. ನನ್ನ ಗಂಡ ಕೈಮುಗಿದುಕೊಂಡು, ತಾವು ಯಾವಾಗ ಸಾಯುತ್ತೀರಿ ಎಂದು ಡಾಕ್ಟರನ್ನೇ ವಿಚಾರಿಸಿದ್ದ.

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ, “ಮಂಗಳವಾರ ಬಿಟ್ಟು ಯಾವತ್ತಾದರೂ ಆಗಬಹುದು, ಮಂಗಳವಾರ ನನಗೆ ಪೇಷಂಟುಗಳಿರುತ್ತಾರೆ,” ಎಂದರು. ಅವತ್ತಿನಿಂದ ನಾನು ಅವರಿಗೆ ಪೂರ್ತಿ ಶರಣಾದೆ.

ಇಷ್ಟೆಲ್ಲ ನಡೆಯುವಾಗ ಊರಿಗೆ ನಾವು ಸುದ್ದಿಯನ್ನೇ ಕೊಟ್ಟಿರಲಿಲ್ಲ. ಕೊಡುವುದಾದರೂ ಏನೆಂದು? ನಮ್ಮ ಮನೆಗಳಲ್ಲಿ ಆ ರೋಗದ ಹೆಸರನ್ನು ಜೋರಾಗಿ ಹೇಳುವುದೇ ಇಲ್ಲ. ‘ಕ್ಯಾನ್ಸರ್ ಇರಬಹುದು, ಇಲ್ಲದಿರಬಹುದು’ ಎಂದು ಫೋನಿನಲ್ಲಿ ಹೇಳಿದರೆ ಎರಡನೆಯ ಅರ್ಧ ಮೈಸೂರು ತಲುಪುವುದಿಲ್ಲ. ಇಂಥದ್ದೇ ಎಂದು ಗೊತ್ತಾದ ಮೇಲೆ ಹೇಳೋಣ ಎಂದುಕೊಂಡೆವು.

ಆದರೆ ಅತ್ತೆ ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಮಗನಿಗೆ ಫೋನ್ ಮಾಡುತ್ತಾರೆ. ಅವರು ಮೂವತ್ತು ವರ್ಷ ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಈಗ ಮಗಳು ಅಳಿಯನ ಜೊತೆ ಇದ್ದಾರೆ. ಮೊದಲ ಮಂಗಳವಾರ ನಾವು ಆಸ್ಪತ್ರೆಯ ಹಾಲಿನಲ್ಲಿ ಕೂತಿದ್ದಾಗಲೇ ಫೋನ್ ಬಂತು. ಕಚೇರಿಯಲ್ಲಿಲ್ಲವೇಕೆ ಎಂಬ ಪ್ರಶ್ನೆಗೆ ಇವನು ತಡವರಿಸಿ ಬಾಯಿಗೆ ಬಂದದ್ದನ್ನು ಹೇಳಿದ.

“ದೇವಸ್ಥಾನದಲ್ಲಿದ್ದೀವಿ ಅಮ್ಮ. ದಕ್ಷಿಣೇಶ್ವರ. ಕಾಳಿಗೆ ಮಂಗಳವಾರ ವಿಶೇಷ.”

ಪುಳಿಯೋಗರೆ ಕೊಡುತ್ತಾರೆಂದು ಖಾತ್ರಿಯಾಗದೆ ದೇವಸ್ಥಾನದ ಮೆಟ್ಟಿಲು ಹತ್ತದವನು ಇವನು. ನಾನಂತೂ ಅದಕ್ಕೂ ಹತ್ತುವವಳಲ್ಲ. ದಕ್ಷಿಣೇಶ್ವರವನ್ನು ನಾವು ಕಂಡದ್ದು ಮೆಟ್ರೋದ ಬೋರ್ಡಿನಲ್ಲಿ ಮಾತ್ರ.

“ಅದೇನೋ ನಂಬರ್ ಕೂಗ್ತಾ ಇದ್ದಾರಲ್ಲೋ?” ಎಂದರು ಅತ್ತೆ.

“ದರ್ಶನಕ್ಕೆ ಟೋಕನ್ ಅಮ್ಮ.”

“ರೂಮ್ ನಂಬರ್ ಮೂರು ಅಂದಂಗಿತ್ತು.”

“ಮೂರನೇ ಗುಡಿ. ಇಲ್ಲಿ ತುಂಬಾ ಗುಡಿಗಳಿದಾವೆ.”

“ಒಳ್ಳೇ ಶಿಸ್ತು ಕಣಪ್ಪ,” ಎಂದು ಅತ್ತೆ ಮೆಚ್ಚಿಕೊಂಡರು.

ಅಲ್ಲಿಂದ ನಮ್ಮ ಭಕ್ತಿ ವಾರದಿಂದ ವಾರಕ್ಕೆ ಏರಿತು. ಒಂದು ಮಂಗಳವಾರ ಅತ್ತೆ ನನ್ನನ್ನು ಕೇಳಿದರು, “ಉಪವಾಸ ಇದ್ದೀಯೇನಮ್ಮ?” “ಹೌದ್ರಿ ಅತ್ತೆ,” ಎಂದೆ. ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದರು, ಅದೊಂದು ಮಾತು ಮಾತ್ರ ನಿಜ. ಧಾರವಾಡಕ್ಕೂ ಇದೇ ಕಥೆ ಹೋಯಿತು. ನಾಸ್ತಿಕ ಮಗಳು ದಾರಿಗೆ ಬಂದಳೆಂದು ನಮ್ಮಪ್ಪ ಬೀದಿಗೆಲ್ಲ ಹೇಳಿಕೊಂಡು ಬಂದರಂತೆ.

ಆಮೇಲೆ ಅತ್ತೆ ಪ್ರಸಾದ ಕೇಳಿದರು. ಇವನ ಸಹೋದ್ಯೋಗಿಯೊಬ್ಬರು ಮೈಸೂರಿಗೆ ಹೊರಟಿದ್ದಾರೆಂದು ಅವರಿಗೆ ಗೊತ್ತಾಗಿತ್ತು, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಬಾಲಿಗಂಜ್‌ನ ಮಿಠಾಯಿ ಅಂಗಡಿಯಿಂದ ಒಂದು ಡಬ್ಬಿ ಪೇಡ ತಂದೆವು. ಮಾಶಿಮಾರ ಕುಂಡದಿಂದ ಕೆಂಪು ದಾಸವಾಳ ಕಿತ್ತು ಮೇಲಿಟ್ಟೆವು. ನಾನು ಸ್ವಲ್ಪ ಕುಂಕುಮವನ್ನೂ ಉದುರಿಸಿದೆ, ಕೆಲಸ ಅಚ್ಚುಕಟ್ಟಾಗಿರಬೇಕು ನೋಡಿ. ವಾರದ ಮೇಲೆ ಅತ್ತೆಯ ಫೋನ್ ಬಂತು: “ಪ್ರಸಾದ ಕಣ್ಣಿಗೊತ್ಕೊಂಡೆ. ಮೈಯೆಲ್ಲಾ ಜುಮ್ ಅಂತು ಕಣಮ್ಮ.” ಫೋನಿಟ್ಟ ಮೇಲೆ ಗಂಡ ಗಂಭೀರವಾಗಿ ಹೇಳಿದ, “ಮಾಶಿಮಾ ಕುಂಡದಲ್ಲೇನೋ ಶಕ್ತಿ ಇದೆ.” ನಗುವ ಸರದಿ ನನ್ನದಾದರೂ ನಾನು ನಗಲಿಲ್ಲ. ದೇವರನ್ನು ನಂಬದವಳಿಗೂ ಸುಳ್ಳು ಪ್ರಸಾದದ ಪಾಪ ತಟ್ಟುತ್ತದೆಯೇ ಎಂದು ಯೋಚಿಸುತ್ತ ಕೂತೆ.

ಎರಡನೆಯ ಸಲ ಚುಚ್ಚಿದ್ದರ ವರದಿಯೂ ಹಳದಿಯೇ. ಇನ್ನು ಸೂಜಿ ಸಾಕು, ಗಂಟಿರುವ ಕಡೆಯ ಅರ್ಧ ಗ್ರಂಥಿಯನ್ನೇ ತೆಗೆದು ಇಡಿಯಾಗಿ ಪರೀಕ್ಷೆ ಮಾಡಿದರೆ ತಿಳಿಯುತ್ತದೆ ಎಂದರು ಡಾಕ್ಟರಮ್ಮ. ದನಿಯ ನರ ಅದರ ಪಕ್ಕದಲ್ಲೇ ಹಾದುಹೋಗುತ್ತದೆ, ಜೋಪಾನ ಮಾಡುತ್ತೇನೆ ಎಂದೂ ಹೇಳಿದರು. ಬುಧವಾರಕ್ಕೆ ದಿನ ಗೊತ್ತಾಯಿತು. ಆ ದಿನ ಮನೆಗೆ ಬರುವಾಗ ಬಸ್ಸಿನಲ್ಲಿ ನಾವು ನಗಲಿಲ್ಲ.

ಅದರ ಹಿಂದಿನ ಭಾನುವಾರ ಬೆಳಿಗ್ಗೆ ಬಾಗಿಲ ಗಂಟೆ ಹೊಡೆಯಿತು. ತೆಗೆದರೆ ಅತ್ತೆ. ಕೈಯಲ್ಲೊಂದು ಚೀಲ, ಹೆಗಲಲ್ಲೊಂದು ಚೀಲ. ಹೌರಾದಲ್ಲಿ ಇಳಿದು, ಟ್ಯಾಕ್ಸಿಯವನ ಹತ್ತಿರ ತಾವೇ ಮಾತಾಡಿಕೊಂಡು ಬಂದಿದ್ದರು. ಹೇಗೆ ಬಂದಿರಿ ಎಂದರೆ, “ಕಲ್ಕತ್ತಾ ಎಕ್ಸ್‌ಚೇಂಜಿನ ಹುಡುಗೀರ ಹತ್ರ ದಿನಾ ಜಗಳ ಆಡಿದ್ದೀನಿ, ಈ ಊರು ನಂಗೇನು ಹೊಸದಾ?” ಎಂದರು. ಕಾಫಿ ಕುಡಿದರು. ಬಾಗಿಲು ಹಾಕಿಸಿದರು. ನಮ್ಮಿಬ್ಬರನ್ನೂ ಊಟದ ಮೇಜಿನ ಎದುರು ಕೂರಿಸಿದರು.

“ನಾನು ಎಲ್ಲಾ ತಿಳ್ಕೊಂಡೇ ಬಂದಿದ್ದೀನಿ,” ಎಂದರು.

ನನ್ನ ಗಂಡ ಮೇಜಿನ ಕೆಳಗೆ ನನ್ನ ಕೈ ಹಿಡಿದ.

“ಮೊದಲನೇ ದಿನವೇ ಗೊತ್ತಾಯ್ತು ಕಣೋ. ದೇವಸ್ಥಾನ ಅಂದ್ಮೇಲೆ ಒಂದು ಗಂಟೆ ಆದ್ರೂ ಹೊಡೀಬೇಡ್ವಾ? ಎಷ್ಟು ವಾರ ಕೇಳಿದ್ರೂ ಅದೇ ನಂಬರು, ಅದೇ ರೂಮು. ಮೂವತ್ತು ವರ್ಷ ಫೋನ್ ಕೇಳಿದ ಕಿವಿ ಇದು. ಪ್ರಸಾದ ಕೂಡ ಬೇಕಂತಲೇ ಕೇಳಿದ್ದು, ಏನ್ ಕಳಿಸ್ತೀರಾ ನೋಡೋಣ ಅಂತ. ಅದು ಆಸ್ಪತ್ರೆ ತಾನೆ?”

ನನ್ನ ಗಂಡ ಇಂಗು ತಿಂದ ಮಂಗನ ಹಾಗೆ ತಲೆಯಾಡಿಸಿದ.

“ಮತ್ತೆ ನನ್ನ ಹತ್ರ ಹೇಳೋಕೆ ಏನಾಗಿತ್ತು? ನಾಚಿಕೆ ಪಡೋ ವಿಷಯವಾ ಇದು? ಈಗಿನ ಕಾಲದಲ್ಲಿ ಮನೆಗೊಬ್ಬರು. ನಮ್ಮ ರಸ್ತೇಲೇ ಮೂರು ಜನ ಟ್ರೀಟ್‌ಮೆಂಟ್ ತಗೊಂಡ್ರು. ಎಲ್ಲಾ ಆರಾಮಾಗಿದ್ದಾರೆ.”

ನನಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಎಷ್ಟು ಧೈರ್ಯದ ಹೆಂಗಸು, ಸುಮ್ಮನೆ ಹೆದರಿದೆವಲ್ಲ ಎಂದುಕೊಂಡೆ. ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅತ್ತೆ ಮಾತು ಮುಗಿಸಿದರು:

“ಒಬ್ಬಳಿಗಂತೂ ಅವಳಿ ಜವಳಿ ಆಯ್ತು.”

ನಾನು ಗಂಡನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಮೊದಲು ಸಡಿಲವಾದದ್ದು ಯಾರ ಬಾಯೋ ಗೊತ್ತಿಲ್ಲ, ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅವನು ಕುರ್ಚಿಯಿಂದ ಜಾರಿದ. ನನಗೆ ಉಸಿರು ಸಿಗಲಿಲ್ಲ. ಅತ್ತೆ ಗರಬಡಿದವರಂತೆ ನೋಡುತ್ತಿದ್ದರು. “ಯಾಕೆ ನಗ್ತೀರಾ? ನಲವತ್ತೆಂಟು ದಿನ ನಾನು ಅಶ್ವತ್ಥಕಟ್ಟೆ ಸುತ್ತಿದ್ದೀನಿ, ತಮಾಷೆ ಅಂದ್ಕೊಂಡಿದ್ದೀರಾ?” ಎಂದು ಗದರಿ, ಸಾಕ್ಷಿಗೆಂಬಂತೆ ಚೀಲದಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದರು. ಹಳದಿ ಉಲ್ಲನ್ನಿನ ಕುಲಾವಿ. ಅವರೇ ಹೆಣೆದದ್ದು. ನನ್ನ ಮುಷ್ಟಿಯಷ್ಟೇ ಇತ್ತು. ಅದನ್ನು ನೋಡಿ ನಮ್ಮ ನಗು ನಿಂತಿತು.

ನಾನು ಕುತ್ತಿಗೆಯ ದುಪಟ್ಟಾ ತೆಗೆದಿಟ್ಟೆ. ಲೋಟದಲ್ಲಿದ್ದ ನೀರು ಕುಡಿದೆ.

“ಇಲ್ಲಿ ನೋಡ್ರಿ ಅತ್ತೆ. ನುಂಗಿದಾಗ ಮ್ಯಾಲ ಹೋಗಿ ಕೆಳಗ ಬರ್ತದ. ಕ್ಯಾನ್ಸರ್ ಇರಬಹುದು, ಇರಲಿಕ್ಕೂ ಇಲ್ಲ. ಎರಡು ಸಲ ಚುಚ್ಚಿ ನೋಡ್ಯಾರ, ಯಾರಿಗೂ ಗೊತ್ತಾಗಿಲ್ಲ. ಬುಧವಾರ ಆಪರೇಷನ್ ಅದ.”

ಅತ್ತೆ ಕುಲಾವಿಯನ್ನು ಮತ್ತೆ ಪೊಟ್ಟಣದಲ್ಲಿ ಸುತ್ತಿಟ್ಟರು. ಅವರ ಬಾಯಿಂದ ಹೊರಟ ಮೊದಲ ಮಾತು ಇದು: “ಅಯ್ಯೋ ಶಿವನೇ, ಇಷ್ಟು ದಿನ ನಾನು ಏನಕ್ಕೋ ಸುತ್ತಿಬಿಟ್ಟೆನಲ್ಲ!”

“ಅರ್ಜಿ ತಪ್ಪು ವಿಭಾಗಕ್ಕೆ ಹೋಗಿದೆ ಅಷ್ಟೇ ಅಮ್ಮ,” ಎಂದ ಇವನು ನೆಲದ ಮೇಲಿಂದಲೇ. “ತಿದ್ದುಪಡಿ ಮಾಡಿಸಿದರಾಯ್ತು.”

ಅವರು ಅವನ ಬೆನ್ನಿಗೊಂದು ಗುದ್ದಿದರು. ಗುದ್ದಿ ತಾವೂ ನಕ್ಕರು. ನಗುತ್ತಲೇ ಅಳತೊಡಗಿದರು, ಅಳುತ್ತಲೇ ನನ್ನ ಕತ್ತಿನ ಮೇಲೆ ಕೈಯಿಟ್ಟರು. “ಇನ್ನೊಂದ್ಸಲ ನುಂಗು,” ಎಂದರು. ನುಂಗಿದೆ. ಆ ಮನೆಯವರೆಲ್ಲರಿಗೂ ನನ್ನಿಂದ ನುಂಗಿಸುವುದೇ ಒಂದು ಚಟ.

ತಿದ್ದುಪಡಿಯ ಮಾತನ್ನು ಇವನು ತಮಾಷೆಗೆ ಹೇಳಿದ್ದ. ಅತ್ತೆ ಅದನ್ನು ಆದೇಶವೆಂದೇ ಹಿಡಿದರು. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿಸಿ ಹೊರಡಿಸಿದರು. ಕಾಳಿಘಾಟ್‌ನಲ್ಲಿ ಮೆಟ್ರೋ ಹತ್ತುವಾಗ, ಕಾಳಿ ಇಲ್ಲೂ ಇದ್ದಾಳೆ, ಅಷ್ಟು ದೂರ ಯಾಕೆ ಎಂದು ನಾನು ಗೊಣಗಿದೆ.

“ನೀವು ಹೇಳಿದ್ದು ದಕ್ಷಿಣೇಶ್ವರ. ಅಲ್ಲಿಗೇ ಹೋಗ್ಬೇಕು. ಸುಳ್ಳನ್ನ ನಿಜ ಮಾಡ್ಕೊಂಡು ಆಮೇಲೆ ಆಪರೇಷನ್‌ಗೆ ಹೋಗು,” ಎಂದರು.

ಕೊನೆಯ ನಿಲ್ದಾಣದಲ್ಲಿ ಇಳಿದ ಕೂಡಲೇ ನನ್ನ ಗಂಡ ಗೊತ್ತಿದ್ದವನ ಗತ್ತಿನಲ್ಲಿ ಮುಂದೆ ನಡೆದು ನಮ್ಮನ್ನು ಲೋಕಲ್ ಟ್ರೇನಿನ ಪ್ಲಾಟ್‌ಫಾರ್ಮಿಗೆ ಕರೆದೊಯ್ದ. ಅಲ್ಲಿಂದ ಕೇಳಿಕೊಂಡು ವಾಪಸು ಬಂದೆವು. ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದು ನಿಂತಾಗ ಅತ್ತೆ ಹೇಳಿದರು, “ಪ್ರತಿ ಮಂಗಳವಾರ ಬರೋರನ್ನ ನೋಡಿ!” ಸರದಿಯಲ್ಲಿ ನಿಂತ ಅಪರಿಚಿತರ ನಡುವೆ ನಾವು ಮೂವರೂ ಹಲ್ಲು ಕಿರಿಯುತ್ತ ನಿಂತೆವು. ಕೊನೆಗೂ ದೇವಿಯ ಎದುರು ಬಂದಾಗ ಅತ್ತೆ ಗಟ್ಟಿಯಾಗಿ, ಟ್ರಂಕ್ ಕಾಲಿನ ದನಿಯಲ್ಲಿ, ಮೈಸೂರು ಕನ್ನಡದಲ್ಲಿ ಶುರುಮಾಡಿದರು.

“ತಾಯೀ, ಮೊದಲು ಕೇಳಿದ್ದು ಬೇರೆ. ಅದು ಆಮೇಲೆ ನೋಡೋಣ. ಅದು ಆಗದೇ ಇದ್ರೂ ಪರವಾಗಿಲ್ಲ. ಈಗ ಈ ಹುಡುಗೀನ ಉಳಿಸ್ಕೊಡು.”

ಹಿಂದಿನವರು ತಳ್ಳುತ್ತಿದ್ದರು. ನಾನು ಏನನ್ನೂ ಬೇಡಲಿಲ್ಲ, ಬೇಡಲು ನನಗೆ ಬರುವುದಿಲ್ಲ. ಆದರೆ ಅವರ ಸೆರಗಿನ ತುದಿಯನ್ನು ಹಿಡಿದುಕೊಂಡಿದ್ದೆ. ಕುಲಾವಿ ಹೆಣೆದವರು ಅದನ್ನು ಇಷ್ಟು ಸುಲಭಕ್ಕೆ ಬಿಟ್ಟುಕೊಟ್ಟರಲ್ಲ ಎಂದುಕೊಂಡು ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

ಬುಧವಾರದ ಬಗ್ಗೆ ನನಗೆ ಹೆಚ್ಚು ನೆನಪಿಲ್ಲ. ಎಚ್ಚರವಾದಾಗ ಒಬ್ಬ ನರ್ಸ್ ಏನಾದರೂ ಮಾತಾಡಿ ಎನ್ನುತ್ತಿದ್ದಳು, ದನಿ ಉಳಿದಿದೆಯೇ ನೋಡಲು. ಕಾಲ ಬಳಿ ನನ್ನ ಗಂಡ ಬಾಯಿ ತೆರೆದುಕೊಂಡು ನಿಂತಿದ್ದ. ನನಗೆ ಎಲ್ಲಿಂದಲೋ ಸಿಟ್ಟು ಬಂತು. “ಏನ್ ಹಂಗ ನೋಡ್ಲಿಕತ್ತಿ, ನೀರ್ ಕೊಡು,” ಎಂದೆ. ದನಿ ಒಡೆದ ಮಡಕೆಯ ಹಾಗಿತ್ತು, ಆದರೂ ನನ್ನದೇ. ಅವನು ನೀರು ಕೊಡುವುದನ್ನು ಬಿಟ್ಟು ಹೊರಗೆ ಓಡಿದ. “ಬೈದಳು ಅಮ್ಮಾ, ಬೈದಳು!” ಎಂದು ಕಾರಿಡಾರಿನಲ್ಲಿ ಕೂಗುವುದು ಕೇಳಿಸಿತು.

ಎರಡು ವಾರದ ಮೇಲೆ, ಮಂಗಳವಾರ, ಮೂವರೂ ವರದಿಗೆ ಹೋದೆವು. ಅವತ್ತು ನಾನು ಯಾವ ಉತ್ತರಕ್ಕೂ ಸಿದ್ಧಳಾಗಿದ್ದೆ. ಅಲ್ಲ ಎಂದರೆ ಕುಣಿಯುವುದು, ಹೌದು ಎಂದರೆ ಅತ್ತು ಮುಂದಿನ ಚಿಕಿತ್ಸೆಗೆ ತಯಾರಾಗುವುದು. ಡಾಕ್ಟರಮ್ಮ ವರದಿಯನ್ನು ಓದಿದರು, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದರು.

ಗಂಟನ್ನು ಪೂರ್ತಿ ಹೆಚ್ಚಿ ನೋಡಿದ್ದಾರಂತೆ. ಇಬ್ಬರು ತಜ್ಞರು ಕೂತು ನೋಡಿದ್ದಾರಂತೆ. ಕ್ಯಾನ್ಸರಿನ ಗಡಿಯನ್ನು ದಾಟಿದೆಯೋ ಇಲ್ಲವೋ ಹೇಳಲು ಬರುವುದಿಲ್ಲ ಎಂದು ಇಬ್ಬರೂ ಸಹಿ ಹಾಕಿದ್ದಾರೆ. ಇಂಥದ್ದೂ ಒಂದು ಬಗೆ ಇದೆಯಂತೆ, ಪುಸ್ತಕದಲ್ಲೇ ಇದೆಯಂತೆ. “ಪೂರ್ತಿಯಾಗಿ ಹೊರಗೆ ಬಂದಿದೆ. ಈಗ ಮಾಡಬೇಕಾದದ್ದು ಏನೂ ಇಲ್ಲ. ಮರಳಿ ಬರುವ ಸಂಭವ ಕಡಿಮೆ, ಆದರೆ ಬರುವುದೇ ಇಲ್ಲವೆಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡೋಣ,” ಎಂದರು.

“ಒಂದರೇ ಹೇಳ್ರಿ!” ಎಂದು ನಾನು ಚೀರಿದೆ. ಧಾರವಾಡ ಕನ್ನಡದಲ್ಲಿ, ಬಂಗಾಳಿ ಡಾಕ್ಟರಿಗೆ. “ಹೌದರೇ ಅನ್ರಿ, ಅಲ್ಲರೇ ಅನ್ರಿ!”

ಅವರಿಗೆ ಅರ್ಥವಾಯಿತು. ಎದ್ದು ಬಂದು ನನ್ನ ಕೈ ಹಿಡಿದುಕೊಂಡರು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಗಂಡ ಒಂದು ತಮಾಷೆ ಶುರುಮಾಡಿದ, ಅದು ಅರ್ಧಕ್ಕೇ ನಿಂತಿತು. ಇನ್ನೊಂದನ್ನು ಶುರುಮಾಡಲೇ ಇಲ್ಲ. ಈ ಮೂರು ತಿಂಗಳು ನಾನು ಎಲ್ಲವನ್ನೂ ಉತ್ತರ ಬಂದ ಮೇಲೆ ಎಂದು ಮುಂದೂಡಿದ್ದೆ. ಬರೆಯಬೇಕಾದ ಪ್ರಬಂಧ, ಊರಿಗೆ ಹೋಗುವುದು, ಮಗು ಬೇಕೇ ಬೇಡವೇ ಎಂಬ ಮಾತು, ಕೊನೆಗೆ ಕಿಟಕಿಗೆ ಹೊಸ ಪರದೆ ಹಾಕಿಸುವುದನ್ನೂ. ಉತ್ತರ ಬಂದಿತ್ತು. ಉತ್ತರವಿಲ್ಲ ಎಂಬುದೇ ಉತ್ತರವಾಗಿತ್ತು. ಇನ್ನು ಯಾವುದಕ್ಕೆಂದು ಕಾಯಬೇಕೋ ನನಗೆ ಹೊಳೆಯಲಿಲ್ಲ.

ಅತ್ತೆ ನನ್ನ ಕೈಯಿಂದ ಕಾಗದ ತೆಗೆದುಕೊಂಡು ದೂರ ಹಿಡಿದು ಓದಿದರು.

“ಇದರಲ್ಲಿ ಗೊತ್ತಿಲ್ಲ ಅಂತ ತಾನೆ ಬರೆದಿರೋದು?”

“ಹೌದ್ರಿ.”

“ಮುಂದೇನಾಗುತ್ತೋ ನನಗೂ ಗೊತ್ತಿಲ್ಲ. ಇವನಿಗೂ ಗೊತ್ತಿಲ್ಲ. ನಿನಗೆ ಬರೆದುಕೊಟ್ಟಿದ್ದಾರೆ, ನಮಗೆ ಬರೆದುಕೊಟ್ಟಿಲ್ಲ. ಅಷ್ಟೇ ಕಣಮ್ಮ.”

ನಾನು ಅವರ ಮುಖ ನೋಡಿದೆ. ನಗು ಬಂತು, ಅದರ ಹಿಂದೆಯೇ ಅಳು ಬಂತು. ಮೂರು ತಿಂಗಳಲ್ಲಿ ಯಾರ ಹತ್ತಿರವೂ ಹೇಳದಿದ್ದ ಮಾತು ಬಾಯಿಗೆ ಬಂತು. “ನಾ ಬದುಕಬೇಕ್ರಿ ಅತ್ತೆ. ಭಾಳ ವರ್ಷ ಬದುಕಬೇಕು.”

“ಬದುಕು ಮತ್ತೆ,” ಎಂದರು ಅತ್ತೆ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಚೀಲಕ್ಕೆ ಹಾಕಿಕೊಳ್ಳುತ್ತ. “ಏಳು, ಇಲ್ಲಿ ಕೂತ್ಕೊಂಡು ಏನ್ ಮಾಡ್ತೀಯ?”

ಪಕ್ಕದಲ್ಲಿ ವಿಚಿತ್ರ ಸದ್ದಾಯಿತು. ನನ್ನ ಗಂಡ, ಫುಚ್ಕಾ ತಿಂದ ದಿನದಿಂದ ಒಮ್ಮೆಯೂ ಕಣ್ಣಲ್ಲಿ ನೀರು ಹಾಕದವನು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ಬಂಗಾಳಿ ಅಜ್ಜ ಅವನನ್ನೇ ರೋಗಿ ಎಂದು ತಿಳಿದು ನೀರಿನ ಬಾಟಲಿ ಚಾಚಿದರು.

ನಾನು ಎದ್ದೆ. ಅವನನ್ನು ಎಬ್ಬಿಸುವುದೇ ಕಷ್ಟವಾಯಿತು.